ಲೆನ್ಸ್ ಬಿಡಲಿಲ್ಲ, ಸಲ್ಯೂಷನ್ ಬಿಟ್ಟೆ: ಕೆಂಪು ಕಣ್ಣಿನೊಂದಿಗೆ ನನ್ನ ಅನುಭವ

ಕಾಂಟ್ಯಾಕ್ಟ್ ಲೆನ್ಸ್ ನಿಮ್ಮ ಕಣ್ಣಿಗೆ ಒಗ್ಗುವುದಿಲ್ಲ, ಕನ್ನಡಕಕ್ಕೆ ಮರಳಿ ಎಂದು ನನಗೆ ಹೇಳದವರೇ ಇಲ್ಲ. ಲೆನ್ಸ್ ಮಾರುವವರು ಹೇಳಿದರು, ನನಗಿಂತ ಹೆಚ್ಚು ವರ್ಷ ಲೆನ್ಸ್ ಹಾಕಿದ ಗೆಳೆಯರು ಹೇಳಿದರು, ಮನೆಯವರಂತೂ ದಿನವೂ ಹೇಳಿದರು. ಮೈನಸ್ ಏಳರ ಆಸುಪಾಸಿನ ಪವರ್ ಇರುವವರಿಗೆ ಆ ಮಾತು ಎಷ್ಟು ಭಾರವೆಂದು ಲೆನ್ಸ್ ಹಾಕುವವರಿಗೆ ವಿವರಿಸಬೇಕಾಗಿಲ್ಲ. ನಾನು ಒಪ್ಪಲಿಲ್ಲ. ಈಗ ಒಂದೂವರೆ ವರ್ಷವಾಗುತ್ತ ಬಂತು. ದಿನಕ್ಕೆ ಸುಮಾರು ಹತ್ತು ಗಂಟೆ ತಿಂಗಳಿಗೊಮ್ಮೆ ಬದಲಿಸುವ ಸಾಫ್ಟ್ ಲೆನ್ಸ್ ಹಾಕುತ್ತೇನೆ, ಸಂಜೆಗೂ ಕಣ್ಣು ಬೆಳ್ಳಗಿರುತ್ತದೆ, ಕೆಂಪು ತೆಗೆಯುವ ಡ್ರಾಪ್ಸ್ ಮನೆಯಲ್ಲಿಯೇ ಇಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನದು ಉರಿ, ಕೆಂಪು, ಮರಳು ಬಿದ್ದ ಹಾಗೆ ಕಿರಿಕಿರಿ, ಅಷ್ಟೇ. ಕಣ್ಣಿನ ವೈದ್ಯರು ಫ್ಲೋರೆಸಿನ್ ಬಣ್ಣ ಹಾಕಿ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೋಡಿ, ಹುಣ್ಣಿಲ್ಲ, ಸೋಂಕಿಲ್ಲ, ಕಾರ್ನಿಯಾದ (ಕಪ್ಪುಗುಡ್ಡೆಯನ್ನು ಮುಚ್ಚುವ ಪಾರದರ್ಶಕ ಪದರ) ಮೇಲೆ ಬಣ್ಣ ಹಿಡಿದ ಸಣ್ಣ ಚುಕ್ಕೆಗಳಿವೆ ಎಂದ ಮೇಲೆಯೇ ನಾನು ಪ್ರಯೋಗಕ್ಕೆ ಇಳಿದದ್ದು. ನೋವು, ಬೆಳಕು ನೋಡಲಾಗದಿರುವುದು, ಕೀವು, ಮಂಜಾದ ನೋಟ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಅದೇ ದಿನ ವೈದ್ಯರ ಬಳಿ ಹೋಗಬೇಕು. ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ ಜೊತೆಗೆ ಒಯ್ಯಬೇಕು. ಯಾವ ಸೂಕ್ಷ್ಮಜೀವಿ ಎಂದು ಪರೀಕ್ಷಿಸಲು ಅವು ಬೇಕಾಗಬಹುದು. ಅಂಥ ಕಣ್ಣಿಗೆ ಇಲ್ಲಿ ಬರೆದ ಯಾವುದೂ ಅಲ್ಲ.

ಸೋತ ಪ್ರಯತ್ನಗಳ ಪಟ್ಟಿ ಉದ್ದವಿದೆ. ಕೆಂಪು ತೆಗೆಯುವ ಡ್ರಾಪ್ಸ್ ಅಗ್ಗ, ಹಾಕಿದ ಕೆಲವೇ ನಿಮಿಷಗಳಲ್ಲಿ ಕಣ್ಣು ಬೆಳ್ಳಗಾಗುತ್ತದೆ. ಟೆಟ್ರಾಹೈಡ್ರೊಜೋಲಿನ್, ನ್ಯಾಫಜೋಲಿನ್ ಜಾತಿಯ ಔಷಧಿಗಳು ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಅಷ್ಟೇ. ಬಿಗಿ ಸಡಿಲಿದಾಗ ಕೆಂಪು ಮೊದಲಿಗಿಂತ ಜೋರಾಗಿ ಬರುತ್ತದೆ. ಒಂದು ಬಾಟಲಿ ತಿಂಗಳು ಬರುತ್ತಿದ್ದದ್ದು ವಾರಕ್ಕೆ ಇಳಿಯಿತು. ಇವುಗಳಲ್ಲಿ ಹೆಚ್ಚಿನವಕ್ಕೆ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಬೆರೆಸಿರುತ್ತಾರೆ. ಸಾಫ್ಟ್ ಲೆನ್ಸ್ ಅದನ್ನು ಹೀರಿಕೊಂಡು ಕಣ್ಣಿಗೆ ನಿಧಾನವಾಗಿ ಬಿಡುತ್ತದೆ. ಲೆನ್ಸ್ ಮೇಲೆಯೇ ಆ ಡ್ರಾಪ್ಸ್ ಹಾಕುವವರು ಇಂದೇ ನಿಲ್ಲಿಸಬೇಕು.

ದುಡ್ಡು ನಿಜವಾಗಿ ಸುರಿದದ್ದು ಲೆನ್ಸ್ ಬದಲಿಸುವುದರಲ್ಲಿ. ಬೇಸ್ ಕರ್ವ್ (ಲೆನ್ಸಿನ ಒಳಬಾಗು) 8.6 ಇದ್ದದ್ದನ್ನು ತಪಾಸಣೆ ಮಾಡಿಸಿ 8.4 ಮಾಡಿಸಿಕೊಂಡೆ, ವ್ಯತ್ಯಾಸವಾಗಲಿಲ್ಲ. ಆಮ್ಲಜನಕ ಸಾಲದು ಎಂದು ಅಂಗಡಿಯವರು ಹೇಳಿದ್ದಕ್ಕೆ ಹಳೆಯ ಹೈಡ್ರೋಜೆಲ್ ಲೆನ್ಸ್ ಬಿಟ್ಟು ಆಮ್ಲಜನಕವನ್ನು ಹೆಚ್ಚು ಒಳಬಿಡುವ ಸಿಲಿಕೋನ್ ಹೈಡ್ರೋಜೆಲ್‌ಗೆ ಹೋದೆ, ಹೆಚ್ಚುಕಡಿಮೆ ಎರಡು ಪಟ್ಟು ಬೆಲೆಗೆ. ಕೆಂಪು ಇನ್ನಷ್ಟು ಹೆಚ್ಚಿತು. ಅರ್ಧ ಉಳಿದ ಪೆಟ್ಟಿಗೆಗಳೇ ಮೂರೋ ನಾಲ್ಕೋ ಆದವು. ಆಮ್ಲಜನಕದ ಕೊರತೆಯಾದರೆ ಸಾಮಾನ್ಯವಾಗಿ ಕಪ್ಪುಗುಡ್ಡೆಯ ಅಂಚಿನಲ್ಲಿ ಸುತ್ತಲೂ ಕೆಂಪು ಏರುತ್ತದೆ. ನನ್ನ ಕಣ್ಣಲ್ಲಿ ಅದು ಬಿಳಿಭಾಗದ ತುಂಬ ಹರಡಿತ್ತು. ಹಾಗಾಗಿ ಅಂಗಡಿಯವರ ಲೆಕ್ಕ ನನಗೆ ಕೂಡಿಬರಲಿಲ್ಲ.

ದಾರಿ ತೋರಿಸಿದ್ದು ಗಡಿಯಾರ. ಕೆಂಪು ಯಾವ ಹೊತ್ತಿಗೆ ಏರುತ್ತದೆ ಎಂದು ಬರೆದಿಡಲು ಶುರುಮಾಡಿದೆ. ಕಿಟಕಿಯ ಪಕ್ಕ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದೆ, ಕೆನ್ನೆಗೆ ಒಂದು ಬಿಳಿ ಕಾಗದ ಹಿಡಿದು. ಆ ಕಾಗದ ಇಲ್ಲದಿದ್ದರೆ ಕ್ಯಾಮೆರಾ ಬಣ್ಣವನ್ನು ತನಗೆ ತೋಚಿದಂತೆ ತಿದ್ದಿ, ನಿನ್ನೆಯ ಕಣ್ಣನ್ನು ಇಂದಿನ ಕಣ್ಣಿಗೆ ಹೋಲಿಸಲು ಆಗುವುದಿಲ್ಲ. ಕೆಲವು ವಾರಗಳ ಫೋಟೊ ಸಾಲಾಗಿ ಇಟ್ಟಾಗ ಸ್ಪಷ್ಟವಾಯಿತು: ನನಗಿದ್ದದ್ದು ಒಂದು ಕೆಂಪಲ್ಲ, ಎರಡು. ಲೆನ್ಸ್ ಹಾಕಿದ ಎರಡು ಮೂರು ಗಂಟೆಗೆ ಒಂದು ಏರಿ, ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಇನ್ನೊಂದು ಸಂಜೆ ಬರುತ್ತಿತ್ತು. ಇಷ್ಟು ಕಾಲ ಎಲ್ಲರೂ ಕೊಟ್ಟ ಪರಿಹಾರಗಳು ಎರಡನ್ನೂ ಒಂದೆಂದು ತಿಳಿದು ಕೊಟ್ಟವು. ಯಾವುದೂ ನಾಟದ್ದಕ್ಕೆ ಕಾರಣ ಅದೇ.

ಬೆಳಗಿನ ಕೆಂಪಿಗೆ ಕಾರಣವೆಂದು ನನಗೆ ಅನುಮಾನ ಬಂದದ್ದು ಸಲ್ಯೂಷನ್ ಮೇಲೆ, ಎಂದರೆ ರಾತ್ರಿ ಲೆನ್ಸ್ ನೆನೆಸಿಡುವ ದ್ರವದ ಮೇಲೆ. ರಾತ್ರಿಯಿಡೀ ಲೆನ್ಸ್ ಹೀರಿಕೊಂಡ ಸಂರಕ್ಷಕ ಬೆಳಗಿನ ಮೊದಲ ಗಂಟೆಗಳಲ್ಲಿಯೇ ಹೊರಬರುತ್ತದೆ. ಕೆಲವು ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್‌ಗಳೂ ಕೆಲವು ಮಲ್ಟಿಪರ್ಪಸ್ (ತೊಳೆಯಲೂ ನೆನೆಸಿಡಲೂ ಒಂದೇ) ಸಲ್ಯೂಷನ್‌ಗಳೂ ಜೊತೆಯಾದಾಗ ಕಾರ್ನಿಯಾದಲ್ಲಿ ಚುಕ್ಕೆ ಏಳುವುದು ತಜ್ಞರಿಗೆ ಗೊತ್ತಿರುವ ಸಂಗತಿ. ದುಬಾರಿ ಲೆನ್ಸ್‌ಗೆ ಹೋದಾಗ ಕೆಂಪು ಹೆಚ್ಚಿದ್ದೇಕೆ ಎಂಬುದಕ್ಕೂ ಇದು ಹೊಂದಿಕೊಂಡಿತು.

ಎರಡು ಮೂರು ವಾರ ಲೆನ್ಸ್ ಪೂರ್ತಿ ಬಿಟ್ಟು ಕಣ್ಣು ಶಾಂತವಾಗಲು ಬಿಟ್ಟೆ. ಆಮೇಲೆ, ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುವ ಪ್ರಯೋಗ: ಹೊಸ ಲೆನ್ಸ್ ಜೋಡಿ, ಎಡಗಣ್ಣಿನದ್ದು ಹೈಡ್ರೋಜನ್ ಪೆರಾಕ್ಸೈಡ್ ವ್ಯವಸ್ಥೆಗೆ, ಬಲಗಣ್ಣಿನದ್ದು ಹಳೆಯ ಮಲ್ಟಿಪರ್ಪಸ್ ಸಲ್ಯೂಷನ್‌ಗೆ. ಪೆರಾಕ್ಸೈಡ್ ಡಬ್ಬಿಯ ಎರಡು ಬುಟ್ಟಿಗಳಲ್ಲಿ ಒಂದು ಖಾಲಿ. ಒಂದೇ ಮುಖ, ಒಂದೇ ಗಾಳಿ, ಒಂದೇ ನಿದ್ದೆ. ಬೇರೆಯಾದದ್ದು ದ್ರವ ಮಾತ್ರ. ವಾರ ತುಂಬುವ ಮೊದಲೇ ಬೆಳಗಿನ ಫೋಟೊದಲ್ಲಿ ಎಡಗಣ್ಣು ಬೆಳ್ಳಗೆ, ಬಲಗಣ್ಣು ಕೆಂಪಗೆ. ಅನುಮಾನಪಟ್ಟವರಿಗೆಲ್ಲ ಆ ಫೋಟೊ ತೋರಿಸಿದೆ. ಮಾತು ಅಲ್ಲಿಗೆ ಮುಗಿಯಿತು.

ಪೆರಾಕ್ಸೈಡ್ ಬಳಸುವವರು ಒಂದು ಶಿಸ್ತು ಇಟ್ಟುಕೊಳ್ಳಲೇಬೇಕು. ಅದು ಶೇ 3ರ ದ್ರಾವಣ. ನೇರವಾಗಿ ಕಣ್ಣಿಗೆ ಹೋದರೆ ಸುಡುತ್ತದೆ. ಅದರ ಡಬ್ಬಿಯಲ್ಲಿಯೇ, ತಳದ ಪ್ಲಾಟಿನಂ ಲೇಪದ ಬಿಲ್ಲೆಯೊಂದಿಗೆ, ಕನಿಷ್ಠ ಆರು ಗಂಟೆ ಇರಬೇಕು. ಆಗ ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ನಾಲ್ಕು ಗಂಟೆ ನಿದ್ದೆ ಮಾಡಿ ಎದ್ದ ದಿನ ನಾನು ಕನ್ನಡಕವನ್ನೇ ಹಾಕಿಕೊಳ್ಳುತ್ತೇನೆ. ಬಿಲ್ಲೆಯ ಶಕ್ತಿ ಕುಂದುತ್ತದೆ, ಹೊಸ ಬಾಟಲಿಯೊಂದಿಗೆ ಬಂದ ಹೊಸ ಡಬ್ಬಿಯನ್ನೇ ಬಳಸಬೇಕು. ಹಾಕುವ ಮೊದಲು ತೊಳೆಯಲು ಸ್ಟೆರೈಲ್ ಸಲೈನ್ ಮಾತ್ರ, ನಲ್ಲಿ ನೀರು ಎಂದಿಗೂ ಬೇಡ. ಕಣ್ಣಿಗೆ ಸೋಂಕು ತರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಅಲ್ಲಿರಬಹುದು. ಲೆನ್ಸನ್ನು ಬೆರಳಿನಿಂದ ಉಜ್ಜುವುದನ್ನೂ ನಾನು ಬಿಡುವುದಿಲ್ಲ. 2006ರಲ್ಲಿ ಫ್ಯುಸೇರಿಯಂ ಶಿಲೀಂಧ್ರದ ಸೋಂಕಿನಿಂದಾಗಿ ಒಂದು ಸಲ್ಯೂಷನ್ನು, ಮರುವರ್ಷ ಅಕಾಂತಮೀಬಾ ಸೋಂಕಿನಿಂದಾಗಿ ಮತ್ತೊಂದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಉಜ್ಜದೆಯೇ ಲೆನ್ಸ್ ಶುದ್ಧವಾಗುತ್ತದೆ ಎಂಬ ಭರವಸೆಯನ್ನು ನಾನು ನಂಬದಿರುವುದಕ್ಕೆ ಅಷ್ಟು ಸಾಕು.

ಸಂಜೆಯ ಕೆಂಪು ಇದರಿಂದ ಕದಲಲಿಲ್ಲ. ಎರಡೂ ಕಣ್ಣಿಗೆ ಪೆರಾಕ್ಸೈಡ್ ಬಂದ ಮೇಲೂ ಐದು ಗಂಟೆಯ ಹೊತ್ತಿಗೆ ಉರಿ ಶುರುವಾಗುತ್ತಿತ್ತು. ಅದರ ಮೂಲ ರೆಪ್ಪೆಯಲ್ಲಿತ್ತು. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳ ಎಣ್ಣೆ ಗಟ್ಟಿಯಾದರೆ ಕಣ್ಣೀರು ಬೇಗ ಆರುತ್ತದೆ, ಲೆನ್ಸ್ ಒಣಗುತ್ತದೆ. ಪರದೆಯ ಮುಂದೆ ಕೂತಾಗ ರೆಪ್ಪೆ ಬಡಿಯುವುದೂ ನಿಮಿಷಕ್ಕೆ ಸುಮಾರು ಹದಿನೈದರಿಂದ ಐದಾರಕ್ಕೆ ಇಳಿಯುತ್ತದೆ. ರಾತ್ರಿ ಲೆನ್ಸ್ ತೆಗೆದ ಮೇಲೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ಹತ್ತು ನಿಮಿಷ, ಬಳಿಕ ರೆಪ್ಪೆಯನ್ನು ಮೃದುವಾಗಿ ಒತ್ತುವುದು. ಶಾಖಕ್ಕೆ ಇಟ್ಟ ಬಿಸಿ ಬಟ್ಟೆ ಎರಡು ನಿಮಿಷಕ್ಕೇ ತಣ್ಣಗಾಗುತ್ತದೆ, ಅಲ್ಲಿಯೇ ಹೆಚ್ಚಿನವರು ಕೈಬಿಡುತ್ತಾರೆ. ಬಿಸಿ ಮಾಡುವ ಮುಖವಾಡ ಕೊಂಡು ನೋಡಿದೆ, ಬಟ್ಟೆಯ ಉಪಾಯವೇ ಮೇಲೆನಿಸಿತು. ಬಟ್ಟೆಯನ್ನು ಹತ್ತು ನಿಮಿಷ ಹೇಗೆ ಬಿಸಿಯಾಗಿಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಅದನ್ನು ರೂಢಿಸಿಕೊಳ್ಳಲು ನನಗೆ ಒಂದು ಚಳಿಗಾಲವೇ ಬೇಕಾಯಿತು. ಫಲ ಕಾಣಲು ತಿಂಗಳ ಮೇಲಾಯಿತು. ಹಗಲು, ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನ ಒಂಟಿ ಪೊಟ್ಟಣ, ಸೋಡಿಯಂ ಹೈಯಲುರೊನೇಟ್ ಇರುವಂಥದ್ದು, ಲೆನ್ಸ್ ಮೇಲೆ ಹಾಕಬಹುದೆಂದು ಬರೆದಿದ್ದರೆ ಮಾತ್ರ. ಉರಿ ಶುರುವಾಗುವವರೆಗೆ ಕಾಯದೆ ಅದಕ್ಕೆ ಸ್ವಲ್ಪ ಮೊದಲೇ ಹಾಕುತ್ತೇನೆ.

ಇವುಗಳ ಮಧ್ಯೆ ಬೇರೆಯವನ್ನೂ ಪರೀಕ್ಷಿಸಿದೆ. ಹನಿಗಳನ್ನು ಫ್ರಿಜ್‌ನಲ್ಲಿಟ್ಟರೆ ಹಿತವಾಗುತ್ತದೆ, ಆದರೆ ಫೋಟೊದಲ್ಲಿ ಕೆಂಪು ಒಂದಿಷ್ಟೂ ಕಡಿಮೆ ಕಾಣಲಿಲ್ಲ. ಒಮೆಗಾ-3 ಮಾತ್ರೆಗಳನ್ನು ಕೆಲವು ತಿಂಗಳು ನುಂಗಿದೆ, ಕೈಯಿಂದ ಚೆನ್ನಾಗಿ ಹಣ ಹೋಯಿತು; 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಒಣಕಣ್ಣಿನವರಿಗೆ ಅದು ಆಲಿವ್ ಎಣ್ಣೆಗಿಂತ ಮೇಲೆಂದು ಕಾಣಲಿಲ್ಲ, ನನಗೂ ಕಾಣಲಿಲ್ಲ. ಫ್ಯಾನಿನ ಗಾಳಿಯನ್ನು ಮುಖದಿಂದ ತಿರುಗಿಸಿದ್ದಕ್ಕೆ ಮಾತ್ರ ಖರ್ಚಿಲ್ಲದ ಲಾಭ ಸಿಕ್ಕಿತು.

ಖರ್ಚು ಕೇಳುವವರಿಗೆ: ಪೆರಾಕ್ಸೈಡ್ ನನಗೆ ಹಳೆಯ ಸಲ್ಯೂಷನ್ನಿನ ಒಂದೂವರೆ ಪಟ್ಟು ಬೀಳುತ್ತದೆ. ಡ್ರಾಪ್ಸ್‌ಗೆ ಹೋಗುತ್ತಿದ್ದದ್ದು ಉಳಿದು ಅದು ಹೆಚ್ಚುಕಡಿಮೆ ಸರಿಹೋಗಿದೆ. ದಿನಕ್ಕೊಂದು ಎಸೆಯುವ ಲೆನ್ಸ್ ಬಳಸಿದರೆ ಸಲ್ಯೂಷನ್ನಿನ ಗೊಡವೆಯೇ ಇಲ್ಲ, ಬೆಳಗಿನ ಕೆಂಪಿಗೆ ಅದೇ ಎಲ್ಲಕ್ಕಿಂತ ನೇರ ಮದ್ದು. ಪ್ರತಿದಿನ ಹಾಕಿದರೆ ನನ್ನ ಲೆಕ್ಕದಲ್ಲಿ ಮೂರು ಪಟ್ಟಾಗುತ್ತದೆ, ಹಾಗಾಗಿ ಪ್ರಯಾಣದ ದಿನಗಳಿಗೆ ಮಾತ್ರ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ವಾರಕ್ಕೆ ಎರಡು ಮೂರು ದಿನ ಮಾತ್ರ ಲೆನ್ಸ್ ಹಾಕುವವರಿಗೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಅವರು ಪೆರಾಕ್ಸೈಡ್ ಕೊಳ್ಳುವ ಮೊದಲು ಕೂಡಿ ಕಳೆದು ನೋಡುವುದು ಒಳ್ಳೆಯದು.