ಹೆಚ್ಚುವರಿ ವಿಮಾನ ಬಿಡಿಭಾಗ ಮಾರುವ ಮುನ್ನ: ಅಮೆರಿಕದ ನಿಯಮಗಳು

ವಿಮಾನದ ಬಿಡಿಭಾಗ ಮಾರುವವರಿಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪರವಾನಗಿ ಕೊಡುವ ಪದ್ಧತಿಯೇ ಇಲ್ಲ. ಹಾಗಂತ ಯಾರು ಏನು ಬೇಕಾದರೂ ಮಾರಬಹುದೆಂದಲ್ಲ. 2000ನೇ ಇಸವಿಯ ಕಾನೂನಿನ ಪ್ರಕಾರ ವಂಚನೆಯಿಂದ ಮಾರಿದ ಬಿಡಿಭಾಗ ವಿಮಾನಕ್ಕೆ ಜೋಡಣೆಯಾದರೆ 15 ವರ್ಷದವರೆಗೆ ಜೈಲು. ಆ ಭಾಗ ಕೈಕೊಟ್ಟು ಜೀವ ಹೋದರೆ ಜೀವಾವಧಿಯೂ ಆಗಬಹುದು.

ಮೊದಲು ಭಾಗದ ಮೇಲಿನ ಡೇಟಾ ಪ್ಲೇಟ್ (ವಿವರ ಕೆತ್ತಿದ ತಗಡು) ಒರೆಸಿ ಓದಿ. ಪಾರ್ಟ್ ನಂಬರನ್ನು ಕೊನೆಯ ಡ್ಯಾಶ್ ಅಂಕಿಯ ಸಮೇತ ಭಾಗ ಬಳಕೆಗೆ ಯೋಗ್ಯವೆಂದು ಹೇಳುವ ಎಫ್‌ಎಎ ಪತ್ರವಾದ ಫಾರ್ಮ್ 8130-3ರ 8ನೇ ಚೌಕದೊಂದಿಗೂ, ಸೀರಿಯಲ್ ನಂಬರನ್ನು 10ನೇ ಚೌಕದೊಂದಿಗೂ ತಾಳೆ ನೋಡಿ. 11ನೇ ಚೌಕದಲ್ಲಿ ಭಾಗದ ಸ್ಥಿತಿ ಇರುತ್ತದೆ. ಅಲ್ಲಿ ‘ರಿಪೇರ್ಡ್’ ಎಂದಿದ್ದರೆ ಜಾಹೀರಾತಿನಲ್ಲೂ ಅದೇ ಬರೆಯಿರಿ. ಪೂರ್ತಿ ಬಿಚ್ಚಿ, ತೊಳೆದು, ಪರೀಕ್ಷಿಸಿ, ಬೇಕಾದ ರಿಪೇರಿ ಮಾಡಿ, ಮತ್ತೆ ಜೋಡಿಸಿ ಟೆಸ್ಟ್ ಮಾಡಿದ್ದಕ್ಕೆ ಮಾತ್ರ ‘ಓವರ್‌ಹಾಲ್’ ಎಂಬ ಹೆಸರು ಸಲ್ಲುತ್ತದೆ.

ಫಾರ್ಮ್ ಇಲ್ಲದಿದ್ದರೆ ‘ಆಸ್ ರಿಮೂವ್ಡ್’ (ವಿಮಾನದಿಂದ ತೆಗೆದ ಸ್ಥಿತಿಯಲ್ಲೇ) ಎಂದೇ ಮಾರಿ: ಯಾವ ವಿಮಾನದ್ದು, ಯಾವಾಗ, ಏಕೆ ತೆಗೆದದ್ದು ಎಂದು ಬರೆದುಕೊಡಿ. ಅಪಘಾತ, ಬೆಂಕಿ, ಉಪ್ಪುನೀರು ಇವಕ್ಕೆ ಸಿಕ್ಕಿಲ್ಲವೆಂದು ಕೊನೆಯ ಬಳಕೆದಾರ ಸಂಸ್ಥೆಯಿಂದ ಲಿಖಿತ ಹೇಳಿಕೆ ತೆಗೆದುಕೊಳ್ಳಿ. ಇದನ್ನು ಆಮೇಲೆ ಪಡೆಯುವುದು ಬಹಳ ಕಷ್ಟ, ಏಕೆಂದರೆ ಸಂಸ್ಥೆಗಳು ಮುಚ್ಚಿಹೋಗುತ್ತವೆ.

ಟರ್ಬೈನ್ ಡಿಸ್ಕ್‌ನಂಥ ಆಯುಸ್ಸು ನಿಗದಿಯಾದ ಭಾಗಕ್ಕೆ ತಯಾರಾದ ದಿನದಿಂದ ಇಂದಿನವರೆಗಿನ ಸೈಕಲ್ (ಒಂದು ಹಾರಾಟಕ್ಕೆ ಒಂದರಂತೆ ಎಣಿಸುವ ಬಳಕೆ) ಲೆಕ್ಕ ಬೇಕು. ನಡುವೆ ಒಬ್ಬ ಮಾಲೀಕರ ದಾಖಲೆ ಕಾಣೆಯಾದರೂ ಉಳಿದ ಆಯುಸ್ಸು ಲೆಕ್ಕಕ್ಕೆ ಸಿಗುವುದಿಲ್ಲ. ಆಗ ಅದರ ಬೆಲೆ ಲೋಹದ ತೂಕದಷ್ಟೇ.

ಪ್ರಯಾಣಿಕರ ತುರ್ತು ಮುಖವಾಡಕ್ಕೆ ರಾಸಾಯನಿಕದಿಂದ ಆಮ್ಲಜನಕ ಕೊಡುವ ಆಮ್ಲಜನಕ ಜನರೇಟರ್ ವಿಷಯದಲ್ಲಿ ಅತಿ ಎಚ್ಚರ ಬೇಕು. ಕೈಗೆ ಹಿಡಿದರೆ ಸಣ್ಣ ಲೋಹದ ಡಬ್ಬಿ, ಒಂದು ತುದಿಯಲ್ಲಿ ಸ್ಪ್ರಿಂಗ್ ಹೊಡೆತಕ್ಕೆ ಸಿಡಿಯುವ ಕ್ಯಾಪ್. ಅದರ ಮೇಲೆ ಕೂರಿಸುವ ಪ್ಲಾಸ್ಟಿಕ್ ಸುರಕ್ಷತಾ ಮುಚ್ಚಳ ಇಲ್ಲದಿದ್ದರೆ ಸಾಗಣೆಯ ಕುಲುಕಾಟಕ್ಕೇ ಹೊತ್ತಿಕೊಂಡೀತು. ಡಬ್ಬಿಯ ಮೈ 250 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಜೊತೆಗೆ ಬೆಂಕಿಗೆ ಬೇಕಾದ ಆಮ್ಲಜನಕವೂ ಅದರಿಂದಲೇ ಹೊರಬರುತ್ತದೆ. 1996ರ ಮೇ 11ರಂದು ಅಮೆರಿಕದ ವ್ಯಾಲ್ಯೂಜೆಟ್ ಕಂಪನಿಯ 592ನೇ ವಿಮಾನದ ಸರಕು ಕೋಣೆಯಲ್ಲಿ ಆದದ್ದು ಇದೇ. ಮುಚ್ಚಳವಿಲ್ಲದ ಜನರೇಟರ್‌ಗಳನ್ನು ಕಾಗದದಲ್ಲಿ ಖಾಲಿ ಎಂದು ತೋರಿಸಲಾಗಿತ್ತು. 110 ಜನ ಸತ್ತರು. ಪ್ರಯಾಣಿಕ ವಿಮಾನದಲ್ಲಿ ಇವನ್ನು ಸರಕಾಗಿ ಕಳಿಸುವಂತಿಲ್ಲ. ಬಳಸಿ ಮುಗಿದವನ್ನಂತೂ ಯಾವ ವಿಮಾನದಲ್ಲೂ ಕಳಿಸುವಂತಿಲ್ಲ. ಅಗ್ನಿಶಾಮಕ ಬಾಟಲಿಯ ಸ್ಕ್ವಿಬ್ (ಬಾಟಲಿಯನ್ನು ತೆರೆಯುವ ಸಣ್ಣ ಸಿಡಿಮದ್ದು) ಕೂಡ ಸ್ಫೋಟಕವೇ.

ಬೆಂಗಳೂರಿನ ಗ್ರಾಹಕರಿಗೆ ಕಳಿಸುವುದಾದರೆ ಭಾಗ ನಾಗರಿಕ ವಿಮಾನದ್ದೋ ಮಿಲಿಟರಿಯದ್ದೋ ಎಂದು ಅಮೆರಿಕದ ರಫ್ತು ಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಿ. ಮಿಲಿಟರಿಯದ್ದಾದರೆ ರಫ್ತು ಪರವಾನಗಿ ಸಿಗುವವರೆಗೆ ಪೆಟ್ಟಿಗೆ ಕಟ್ಟಬೇಡಿ.

ಕೆಟ್ಟದ್ದನ್ನು ಗುಜರಿಗೆ ಹಾಕುವಾಗ ಬಣ್ಣ ಬಳಿದರೆ, ಸಣ್ಣ ತೂತು ಕೊರೆದರೆ, ಎರಡು ತುಂಡು ಮಾಡಿದರೆ ಸಾಲದು. ತುಂಡುಗಳನ್ನು ಬೆಸೆದು, ಉಜ್ಜಿ, ಬಣ್ಣ ಹೊಡೆದು ಮತ್ತೆ ಮಾರುಕಟ್ಟೆಗೆ ಬಿಡುವವರಿದ್ದಾರೆ. ಗ್ಯಾಸ್ ಕಟರ್‌ನಿಂದ ಹಲವು ಚೂರು ಮಾಡಿಸಿ, ಇಲ್ಲವೇ ಕರಗಿಸಿ. ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ.

ನಕಲಿ ಎಂಬ ಅನುಮಾನ ಬಂದ ಭಾಗವನ್ನು ಕೊಟ್ಟವರಿಗೇ ವಾಪಸ್ ಕಳಿಸಬೇಡಿ, ಅದು ಇನ್ನೊಬ್ಬರ ಕೈ ಸೇರುತ್ತದೆ. ಪ್ರತ್ಯೇಕವಾಗಿ ಬೀಗ ಹಾಕಿಟ್ಟು ಅನುಮಾನದ ಭಾಗಗಳ ವರದಿಗೆಂದೇ ಇರುವ ಫಾರ್ಮ್ 8120-11 ತುಂಬಿ ಎಫ್‌ಎಎಗೆ ಕಳಿಸಿ.