ಕ್ಯಾಲಿಬ್ರೇಷನ್‌ಗೆ ಬೋರ್ಡ್ ಬೇಡ, ಕಟ್ಟಡದ ಗೆರೆಗಳೇ ಸಾಕು

ಮುಂಬಯಿ ಹತ್ತಿರದ ಡೊಂಬಿವಲಿ ಕಡೆಯ ಸೊಸೈಟಿಗಳಿಗೆ ಕ್ಯಾಮೆರಾ ಹಾಕಿಕೊಡುವುದು ನನ್ನ ಕೆಲಸ. 'ಬೈಕ್ ಎಷ್ಟು ಸ್ಪೀಡಲ್ಲಿ ಬಂತು ಮಾರಾಯ್ರೆ?' ಅಂತ ಸೆಕ್ರೆಟರಿ ಶೆಟ್ರು ಕೇಳಿದರೆ ಉತ್ತರ ಕೊಡಲು ಕ್ಯಾಮೆರಾ ಕ್ಯಾಲಿಬ್ರೇಟ್ ಆಗಿರಬೇಕು, ಅಂದರೆ ಚಿತ್ರದ ಪಿಕ್ಸೆಲ್ಲನ್ನು ನೆಲದ ಅಳತೆಗೆ ಹೊಂದಿಸಿರಬೇಕು. ಅದಕ್ಕೆ ವಾಡಿಕೆಯಂತೆ ಕ್ಯಾಮೆರಾ ಮುಂದೆ ಚೌಕುಳಿ ಬೋರ್ಡ್ ಹಿಡಿದು ನಿಲ್ಲಬೇಕಿಲ್ಲ.

ಮೊದಲು ರೆಕಾರ್ಡಿಂಗಿನ ಹಲವು ಫ್ರೇಮ್‌ಗಳಿಂದ ಪ್ರತಿ ಪಿಕ್ಸೆಲ್ಲಿನ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ತೆಗೆಯಿರಿ. ಓಡಾಡುವವರು ಅಳಿಸಿಹೋಗಿ ಖಾಲಿ ಅಂಗಳ ಉಳಿಯುತ್ತದೆ. ಹಳೇ ಡಿವಿಆರ್‌ನ 704×576 ಚಿತ್ರವಾದರೆ 768×576ಕ್ಕೆ ಹಿಗ್ಗಿಸಿ, ಅದರ ಪಿಕ್ಸೆಲ್ ಚೌಕವಲ್ಲ. ವೈಡ್ ಲೆನ್ಸಿನಲ್ಲಿ ಕಾಂಪೌಂಡ್ ಗೋಡೆ ಬಾಗಿ ಕಾಣುತ್ತದಲ್ಲ, ಅದು ನೆಟ್ಟಗಾಗುವವರೆಗೆ ಡಿಸ್ಟಾರ್ಷನ್ ತಿದ್ದಿ. ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಆಮೇಲೆ ಚಿತ್ರ ವಿಶ್ಲೇಷಣೆಯ ಸಾಫ್ಟ್‌ವೇರ್ ಆದ ಓಪನ್‌ಸಿವಿಯಿಂದ ಗೆರೆಗಳನ್ನು ಹುಡುಕಿಸಿ, ರ‍್ಯಾನ್ಸ್ಯಾಕ್‌ನಿಂದ (ತಾಳೆಯಾಗದ ಗೆರೆಗಳನ್ನು ಕೈಬಿಡುವ ವಿಧಾನ) ಗುಂಪು ಮಾಡಿ. ಗೋಡೆಯುದ್ದದ ಗೆರೆಗಳು ಒಂದು ವ್ಯಾನಿಶಿಂಗ್ ಪಾಯಿಂಟಿಗೆ (ಸಮಾನಾಂತರ ಗೆರೆಗಳು ಚಿತ್ರದಲ್ಲಿ ಕೂಡುವಂತೆ ಕಾಣುವ ಬಿಂದು), ಅವಕ್ಕೆ ಲಂಬವಾದ ಪಾರ್ಕಿಂಗ್ ಗೆರೆಗಳು ಇನ್ನೊಂದಕ್ಕೆ ಓಡುತ್ತವೆ. 1920×1080 ಚಿತ್ರದಲ್ಲಿ ಅವು (2460, 140), (-240, 140) ಅಂದುಕೊಳ್ಳಿ. ಎರಡರಿಂದಲೂ ಚಿತ್ರದ ನಡು (960, 540) ಕಳೆದರೆ (1500, -400), (-1200, -400). ಅಡ್ಡಕ್ಕೆ ಅಡ್ಡ, ಉದ್ದಕ್ಕೆ ಉದ್ದ ಗುಣಿಸಿ ಕೂಡಿಸಿದರೆ -16,40,000. ಮೈನಸ್ ತೆಗೆದು ವರ್ಗಮೂಲ ಹಾಕಿ: ಫೋಕಲ್ ಲೆಂತ್ (ಲೆನ್ಸ್ ಎಷ್ಟು ಹತ್ತಿರ ಎಳೆದು ತೋರಿಸುತ್ತದೆ ಎಂಬ ಅಳತೆ) ಸುಮಾರು 1281 ಪಿಕ್ಸೆಲ್. ಎರಡು ಪಾಯಿಂಟ್ ಸೇರಿಸುವ ಗೆರೆಯೇ ಹಾರಿಜಾನ್, ನಡುವಿಗಿಂತ 400 ಪಿಕ್ಸೆಲ್ ಮೇಲಿದೆ. ಹಾಗಾದರೆ ಕ್ಯಾಮೆರಾ ಸುಮಾರು 17.3 ಡಿಗ್ರಿ ಕೆಳಗೆ ಬಾಗಿದೆ. ನನಗೆ ಈ ಲೆಕ್ಕ ಪ್ರತಿ ಸಲವೂ ಖುಷಿ ಕೊಡುತ್ತದೆ: ಏಣಿ ಹತ್ತದೆ, ಲೆನ್ಸ್ ಮುಟ್ಟದೆ ಎಲ್ಲ ಸಿಕ್ಕಿತು.

ತಾಳೆ ನೋಡಲು ನೀರಿನ ಪೈಪು, ಕಂಬಗಳ ಗೆರೆಗಳನ್ನು ಕೆಳಕ್ಕೆ ಎಳೆಯಿರಿ. ಅವು (960, 4640)ರ ಆಸುಪಾಸಿನಲ್ಲಿ ಕೂಡಬೇಕು. ಕೂಡದಿದ್ದರೆ ಡಿಜಿಟಲ್ ಝೂಮ್ ಅಥವಾ ಕ್ರಾಪ್ ಆಗಿದೆಯಾ ನೋಡಿ; ಆಗ ನಡುಬಿಂದುವೇ ಜರುಗಿರಬಹುದು.

ಮಳೆಗಾಲದಲ್ಲಿ ನೆಲದ ಮೇಲಿನ ಪ್ರತಿಬಿಂಬಕ್ಕೆ ಹೆದರಬೇಡಿ. ಸಮತಟ್ಟು ನೀರಿನಲ್ಲಿ ಕಂಡ ಗೋಡೆಯ ಗೆರೆಯೂ ಅದೇ ಪಾಯಿಂಟಿಗೆ ಹೋಗುತ್ತದೆ. ತೊಂದರೆ ಕೊಡುವುದು ಪೋಡಿಯಂಗೆ ಹತ್ತುವ ರ‍್ಯಾಂಪ್. ಅದರ ಇಳಿಜಾರಿಗೆ ಬೇರೆಯದೇ ಪಾಯಿಂಟ್, ಆ ಭಾಗವನ್ನು ಮಾಸ್ಕ್ ಮಾಡಿ.

ಇಷ್ಟಾದರೂ ಮೀಟರ್ ಲೆಕ್ಕ ಸಿಗುವುದಿಲ್ಲ, ಸ್ಕೇಲ್ ಹೊರಗಿನಿಂದಲೇ ಬರಬೇಕು. ಒಂದು ಪಾರ್ಕಿಂಗ್ ಜಾಗದ ಅಗಲಕ್ಕೆ ಟೇಪ್ ಹಿಡಿದರೆ ಸಾಕು. ಹಳಿ ಕಾಣುವ ಕ್ಯಾಮೆರಾ ಆದರೆ ಅದೂ ಬೇಡ, ಬ್ರಾಡ್‌ಗೇಜ್ ಅಂದರೆ ಎರಡು ಹಳಿಗಳ ನಡುವೆ 1676 ಮಿಲಿಮೀಟರ್. ದೂರದ ಮೂಲೆಯಲ್ಲಿ ಇನ್ನೊಂದು ಅಳತೆ ತೆಗೆದು ಹೋಲಿಸಿ, ತಪ್ಪು ಮೊದಲು ಅಲ್ಲೇ ಕಾಣುತ್ತದೆ.

ಗಾಳಿಗೆ ಬ್ರ್ಯಾಕೆಟ್ ಜರುಗುವುದುಂಟು. ಪ್ರೋಗ್ರಾಂ ದಿನಾ ಒಮ್ಮೆ ತಾನೇ ಓಡಲಿ, ಬಾಗು ಅರ್ಧ ಡಿಗ್ರಿಗಿಂತ ಹೆಚ್ಚು ಬದಲಾದರೆ ಮೊಬೈಲ್‌ಗೆ ಮೆಸೇಜ್ ಬರುವಂತೆ ಇಡಿ.