ವಾಟವಿರುವ ತಾರಸಿ ಮೇಲೆ ಸಮತಟ್ಟಾದ ಮರದ ಡೆಕ್

ಮಳೆನೀರು ಹರಿಯಲೆಂದು ತಾರಸಿಗೆ ವಾಟ ಕೊಟ್ಟಿರುತ್ತಾರೆ. ಡೆಕ್ ಮಾತ್ರ ಮಟ್ಟವಾಗಿರಬೇಕು. ಈ ವ್ಯತ್ಯಾಸವನ್ನು ಹಲಗೆ ಹೊರುವ ರೀಪಿನ (ಮರದ ಪಟ್ಟಿಯ) ಕೆಳಗೆ ಚೂರುಪಾರು ಹಲಗೆ ತುರುಕಿ ಸರಿಪಡಿಸಿದರೆ ಎರಡು ಮಳೆಗಾಲದಲ್ಲಿ ಅವು ಕೊಳೆಯುತ್ತವೆ. ತಿರುಗಿಸಿ ಎತ್ತರ ಹೊಂದಿಸುವ ಪ್ಲಾಸ್ಟಿಕ್ ಪೆಡೆಸ್ಟಲ್ ಇರುವುದೇ ಇದಕ್ಕೆ.

ಮೊದಲು ಮಳೆನೀರು ಇಳಿಯುವ ಪೈಪಿನ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ನೋಡಿ. ಕೆಳಗಿನ ಕೋಣೆಯಲ್ಲಿ ತೇವ ಕಂಡರೆ ವಾಟರ್‌ಪ್ರೂಫಿಂಗ್ ಮುಗಿಯುವ ತನಕ ಡೆಕ್ ಮಾತೇ ಬೇಡ.

4 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗ ಎಂದುಕೊಳ್ಳಿ. 100ಕ್ಕೆ 1ರ ವಾಟವಿದ್ದರೆ 3 ಮೀಟರಿಗೆ 30 ಮಿ.ಮೀ. ಇಳಿಯುತ್ತದೆ. ಎತ್ತರದ ಬದಿಯಲ್ಲಿ ಪೆಡೆಸ್ಟಲ್ 60 ಇದ್ದರೆ ತಗ್ಗಿನಲ್ಲಿ 90 ಬೇಕು. ಅದರ ಮೇಲೆ 40ರ ರೀಪು, 20ರ ಹಲಗೆ ಸೇರಿ ತಗ್ಗಿನ ಬದಿ 150 ಮಿ.ಮೀ. ಏರುತ್ತದೆ. ಬಾಗಿಲು ತೆರೆಯುತ್ತದೆಯೇ, ಹೊಸ ನೆಲದಿಂದ ಪ್ಯಾರಪೆಟ್ ಕನಿಷ್ಠ 1 ಮೀಟರ್ ಉಳಿಯುತ್ತದೆಯೇ ಎಂದು ಈಗಲೇ ಅಳೆಯಿರಿ. ಬಹಳ ಜನ ಇದನ್ನು ಮರೆಯುತ್ತಾರೆ.

ರೀಪುಗಳನ್ನು 3 ಮೀಟರ್ ಅಗಲಕ್ಕೆ, ಹಲಗೆಗಳನ್ನು ಅವಕ್ಕೆ ಅಡ್ಡಲಾಗಿ 4 ಮೀಟರ್ ಉದ್ದಕ್ಕೆ ಹಾಕಿ. ರೀಪುಗಳು 400 ಮಿ.ಮೀ. ಅಂತರದಲ್ಲಿ 11, ಪ್ರತಿ ರೀಪಿಗೆ 500 ಮಿ.ಮೀ.ಗೊಂದರಂತೆ 7 ಪೆಡೆಸ್ಟಲ್: ಒಟ್ಟು 77. 95 ಮಿ.ಮೀ. ಅಗಲದ ಒಣ ತೇಗದ ಹಲಗೆ, ನಡುವೆ 5 ಮಿ.ಮೀ. ಸಂದು ಬಿಟ್ಟರೆ 30 ಸಾಲು, 120 ಮೀಟರ್. ಕತ್ತರಿಸಿ ಹೋಗುವುದಕ್ಕೆ ಶೇ. 10 ಹೆಚ್ಚು ತನ್ನಿ. ಸ್ಕ್ರೂ 660.

ನಾಲ್ಕು ಮೂಲೆಯ ಪೆಡೆಸ್ಟಲ್‌ಗಳನ್ನು ಟ್ಯೂಬ್ ಲೆವೆಲ್‌ನಿಂದ (ನೀರು ತುಂಬಿದ ಪಾರದರ್ಶಕ ಕೊಳವೆಯಿಂದ) ಒಂದೇ ಮಟ್ಟಕ್ಕೆ ಹೊಂದಿಸಿ, ದಾರ ಕಟ್ಟಿ, ಮಿಕ್ಕವನ್ನು ದಾರಕ್ಕೆ ತನ್ನಿ. ರೀಪಿಗೆ ಬೆನ್ನು ಬಾಗಿದ್ದರೆ ಉಬ್ಬು ಮೇಲಿರಲಿ. ಎರಡು ರೀಪಿನ ತುದಿ ಸೇರುವ ಜೋಡಣೆ ಪೆಡೆಸ್ಟಲ್ ಮೇಲೆಯೇ ಬರಲಿ. ಪೆಡೆಸ್ಟಲ್‌ನ ಕಿವಿಯಿಂದ ರೀಪಿಗೆ ಚಿಕ್ಕ ಸ್ಕ್ರೂ ಹಾಕಿ. ತಾರಸಿಗೆ ಮಾತ್ರ ಡ್ರಿಲ್ ತಾಗಿಸಬೇಡಿ. ಒಂದು ತೂತು ಸಾಕು, ವಾಟರ್‌ಪ್ರೂಫಿಂಗ್ ಕೆಟ್ಟಂತೆ. ಹಲಗೆ ಹಾಕುವ ಮುನ್ನ ಪ್ರತಿ ರೀಪಿನ ಮೇಲೆ ನಡೆದು ನೋಡಿ. ಎಲ್ಲಾದರೂ ‘ಟಕ್’ ಎಂದರೆ ಆ ಪೆಡೆಸ್ಟಲ್ ತೂಗಾಡುತ್ತಿದೆ, ಕಾಲು ಸುತ್ತು ಮೇಲೆತ್ತಿ. ಹಲಗೆ ಬಿಗಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಹಲಗೆಗೆ ಪ್ರತಿ ರೀಪಿನಲ್ಲಿ 50 ಮಿ.ಮೀ. ಉದ್ದದ ಎರಡು ಸ್ಕ್ರೂ, ಅಂಚಿನಿಂದ 20 ಮಿ.ಮೀ. ಒಳಗೆ. ಮೊದಲು 3 ಮಿ.ಮೀ. ತೂತು ಕೊರೆಯದಿದ್ದರೆ ಹಲಗೆಯ ತುದಿ ಸೀಳುತ್ತದೆ. ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ, ಮಂಗಳೂರು, ಕಾರವಾರದ ಉಪ್ಪುಗಾಳಿಗೆ 316 ದರ್ಜೆಯದು. ಸಾದಾ ಕಬ್ಬಿಣದ್ದು ತೇಗದ ಮೇಲೆ ಕಪ್ಪು ಕಲೆ ಬಿಡುತ್ತದೆ. ಗೋಡೆಯ ಸುತ್ತ 10 ಮಿ.ಮೀ. ಬಿಡಿ.

ಪೈಪಿನ ಬಾಯಿಯ ಮೇಲೆ ಬರುವ ಮೂರು ತುಂಡು ಹಲಗೆಗಳನ್ನು ಕೆಳಗಿನಿಂದ ಪಟ್ಟಿ ಬಡಿದು ಒಂದೇ ಮುಚ್ಚಳ ಮಾಡಿ, ಸ್ಕ್ರೂ ಹಾಕದೆ ಕೂರಿಸಿ. ಮಳೆಗಾಲಕ್ಕೆ ಮುನ್ನ ಅದನ್ನೆತ್ತಿ ಎಲೆಕಸ ತೆಗೆಯಬೇಕು.